ರೆಪ್ಲಿಕಾ ಎಷ್ಟಿರಬೇಕು, ಎಲ್ಲಿರಬೇಕು?

ಆ್ಯಪ್ ಒತ್ತಿದ ಕೂಡಲೇ ಪುಟ ಥಟ್ಟನೆ ಬಂದರೆ, ಅದರ ಹಿಂದೆ ಬಹಳ ಸಲ ಒಂದು ಕ್ಯಾಶ್ ಇರುತ್ತದೆ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರತಿ ಸಲವೂ ಡೇಟಾಬೇಸ್‌ನಲ್ಲಿ ಹುಡುಕದೆ, ಮೆಮೊರಿಯಲ್ಲೇ ಕೈಗೆಟುಕುವ ಹಾಗೆ ಇಟ್ಟುಕೊಳ್ಳುವ ಜಾಗ ಅದು. ಈ ಕೆಲಸಕ್ಕೆ ಹೆಸರಾದ ಸಾಫ್ಟ್‌ವೇರ್ ರೆಡಿಸ್. ಇಟಲಿಯ ಸಾಲ್ವಟೋರೆ ಸಾನ್‌ಫಿಲಿಪ್ಪೊ ಅದನ್ನು 2009ರಲ್ಲಿ ಹೊರತಂದರು. 2024ರಲ್ಲಿ ಅದರ ಲೈಸೆನ್ಸ್ ಬದಲಾದಾಗ ಅದೇ ಕೋಡ್‌ನಿಂದ ವಾಲ್ಕೀ ಎಂಬ ಕವಲು ಹುಟ್ಟಿತು. ನಾನು ಹೇಳಹೊರಟಿರುವುದು ಎರಡಕ್ಕೂ ಹೊಂದುತ್ತದೆ.

ಮಾಹಿತಿ ಬೆಳೆದಾಗ ಒಂದು ಸರ್ವರ್‌ನ ಮೆಮೊರಿ ಸಾಲುವುದಿಲ್ಲ. ಆಗ ಅದನ್ನು ಹಲವು ಸರ್ವರ್‌ಗಳಿಗೆ ಹಂಚುತ್ತಾರೆ. ಒಂದೊಂದು ಪಾಲಿಗೆ ಶಾರ್ಡ್ ಎನ್ನುತ್ತಾರೆ. ಯಾವ ಮಾಹಿತಿ ಯಾವ ಶಾರ್ಡ್‌ನಲ್ಲಿದೆ ಎಂದು ತಿಳಿಯುವ ಉಪಾಯ ತುಂಬಾ ಚೆಂದ. ರೆಡಿಸ್ ಕ್ಲಸ್ಟರ್‌ನಲ್ಲಿ, ಅಂದರೆ ಹೀಗೆ ಹಂಚಿಕೊಂಡ ಸರ್ವರ್‌ಗಳ ಗುಂಪಿನಲ್ಲಿ, ಒಟ್ಟು 16384 ಸ್ಲಾಟ್‌ಗಳು, ಅಂದರೆ ಖಾನೆಗಳಿವೆ. ಪ್ರತಿ ಮಾಹಿತಿಗೂ ಕೀ ಎಂಬ ಹೆಸರಿರುತ್ತದೆ. ಆ ಹೆಸರನ್ನು ಸಿಆರ್‌ಸಿ16 ಎಂಬ ಸೂತ್ರಕ್ಕೆ ಹಾಕಿ, ಬಂದ ಸಂಖ್ಯೆಯನ್ನು 16384ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸ್ಲಾಟ್ ನಂಬರು. 123456789 ಎಂಬ ಕೀ ಕೊಟ್ಟು ನೋಡಿ, ಯಾವಾಗಲೂ 12739 ಬರುತ್ತದೆ. ಮೂರು ಶಾರ್ಡ್‌ಗಳಿಗೆ ಸಮನಾಗಿ ಹಂಚಿದ್ದರೆ ಮೂರನೆಯದರ ಪಾಲು 10923ರಿಂದ 16383ರವರೆಗೆ. ಅಂದಮೇಲೆ ಈ ಕೀ ಅಲ್ಲೇ ಇರಬೇಕು. ಲೆಕ್ಕ ಗೊತ್ತಿದ್ದವರು ಯಾರನ್ನೂ ಕೇಳಬೇಕಾಗಿಲ್ಲ.

ಆದರೆ ಆ ಮೂರನೇ ಸರ್ವರ್ ಕೆಟ್ಟರೆ? ಅದರ ಮೆಮೊರಿಯಲ್ಲಿದ್ದದ್ದೆಲ್ಲ ಹೋಯ್ತು, ಅಲ್ವಾ? ಅದಕ್ಕೇ ಪ್ರತಿ ಶಾರ್ಡ್‌ಗೂ ಒಂದು ಪ್ರೈಮರಿ, ಅದರ ಜೊತೆಗೆ ಒಂದೋ ಎರಡೋ ರೆಪ್ಲಿಕಾ, ಅಂದರೆ ಅದೇ ಮಾಹಿತಿಯ ನಕಲು ಇರುವ ಸರ್ವರ್ ಇಡುತ್ತಾರೆ. ಬರೆಯುವುದೆಲ್ಲ ಪ್ರೈಮರಿಯಲ್ಲಿ. ಅಲ್ಲಿ ಬರೆದದ್ದು ರೆಪ್ಲಿಕಾಗೆ ಹರಿಯುತ್ತಾ ಇರುತ್ತದೆ.

ಪ್ರೈಮರಿ ಬಿದ್ದ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಲಸ್ಟರ್‌ನ ಸರ್ವರ್‌ಗಳು ಒಂದನ್ನೊಂದು ಆಗಾಗ ‘ಇದ್ದೀಯಾ?’ ಎಂದು ಕೇಳುತ್ತಲೇ ಇರುತ್ತವೆ. ನಾವು ಬೇರೆ ಅವಧಿ ಹೇಳದಿದ್ದರೆ, 15 ಸೆಕೆಂಡ್ ಉತ್ತರ ಬಾರದಿದ್ದಾಗ ಅನುಮಾನ ಶುರು. ಒಬ್ಬರ ಅನುಮಾನ ಸಾಲದು. ಮಧ್ಯದಲ್ಲಿ ತಂತಿ ಕಡಿದಿದ್ದರೂ ಹೀಗೇ ಆಗುತ್ತದೆ. ಪ್ರೈಮರಿಗಳಲ್ಲಿ ಹೆಚ್ಚಿನವು ಒಪ್ಪಿದರೆ ಮಾತ್ರ ಅದು ಬಿದ್ದಿದೆ ಎಂದು ಗಟ್ಟಿಯಾಗುತ್ತದೆ. ಆಮೇಲೆ ಅದರ ರೆಪ್ಲಿಕಾಗಳು ಉಳಿದ ಪ್ರೈಮರಿಗಳ ಮತ ಕೇಳುತ್ತವೆ. ಎಲ್ಲವೂ ಒಟ್ಟಿಗೆ ನುಗ್ಗುವುದಿಲ್ಲ. ತೀರಾ ಇತ್ತೀಚಿನವರೆಗಿನ ಮಾಹಿತಿ ಇರುವ ರೆಪ್ಲಿಕಾ ಮೊದಲು ಕೇಳುತ್ತದೆ, ಹಿಂದುಳಿದದ್ದು ಸೆಕೆಂಡುಗಟ್ಟಲೆ ಕಾಯುತ್ತದೆ. ಗೆದ್ದದ್ದು ಹೊಸ ಪ್ರೈಮರಿ. ಯಾವ ಮನುಷ್ಯನೂ ಎದ್ದು ಬರದೆ ಇಷ್ಟೆಲ್ಲ ನಡೆದುಹೋಗುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಇಲ್ಲಿ ಒಂದು ಬಿರುಕಿದೆ. ಪ್ರೈಮರಿ ‘ಬರೆದುಕೊಂಡೆ’ ಎಂದು ಆ್ಯಪ್‌ಗೆ ಹೇಳುವಾಗ ರೆಪ್ಲಿಕಾಗೆ ಅದು ತಲುಪಿತೋ ಇಲ್ಲವೋ ಎಂದು ಕಾಯುವುದಿಲ್ಲ. ಕಾದರೆ ವೇಗ ಹೋಗುತ್ತದೆ. ಹೇಳಿದ ಮರುಕ್ಷಣ ಪ್ರೈಮರಿ ಬಿದ್ದರೆ ಆ ಕೊನೆಯ ಕೆಲವು ಬರಹಗಳು ಯಾರ ಹತ್ತಿರವೂ ಇರುವುದಿಲ್ಲ. ಕಾಯಲೇಬೇಕು ಎನ್ನುವವರಿಗೆ ವೇಯ್ಟ್ ಎಂಬ ಆಜ್ಞೆ ಇದೆ. ಅದು ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಹೋಗಲಾಡಿಸುವುದಿಲ್ಲ. ಕಳೆದುಹೋದರೆ ಸಹಿಸಲಾಗದ ಮಾಹಿತಿಯ ಮೂಲ ಪ್ರತಿ ಡೇಟಾಬೇಸ್‌ನಲ್ಲೇ ಇರಲಿ.

ಇನ್ನು ಎಷ್ಟು ಎನ್ನುವ ಪ್ರಶ್ನೆ. ಇಂಥ ಕ್ಯಾಶ್‌ಗಳನ್ನು ಬಾಡಿಗೆಗೆ ನಡೆಸಿಕೊಡುವ ಅಮೆಜಾನ್‌ನ ಎಲಾಸ್ಟಿಕ್ಯಾಶ್ ಸೇವೆಯಲ್ಲಿ ಒಂದು ಶಾರ್ಡ್‌ಗೆ 5 ರೆಪ್ಲಿಕಾಗಳವರೆಗೆ ಇಡಬಹುದು. ಇಡಬಹುದು ಎಂದು ಸುಮ್ನೆ ಇಟ್ಟುಬಿಡಬೇಡಿ. 6 ಶಾರ್ಡ್, ತಲಾ 2 ರೆಪ್ಲಿಕಾ ಎಂದರೆ 18 ಸರ್ವರ್‌ಗಳ ಬಾಡಿಗೆ. ಬರೆಯುವ ಹೊರೆ ಜಾಸ್ತಿ ಆಗಿದ್ದರೆ ರೆಪ್ಲಿಕಾ ಸೇರಿಸಿ ಏನೂ ಉಪಯೋಗವಿಲ್ಲ, ಅದಕ್ಕೆ ಶಾರ್ಡ್ ಹೆಚ್ಚಿಸಬೇಕು. ಓದುವ ಹೊರೆಯನ್ನು ಮಾತ್ರ ರೆಪ್ಲಿಕಾಗಳು ಹಂಚಿಕೊಳ್ಳಬಲ್ಲವು, ಅದೂ ಒಂದು ಗಳಿಗೆ ಹಳೆಯ ಮಾಹಿತಿ ಸಿಕ್ಕರೆ ಪರವಾಗಿಲ್ಲ ಎನ್ನುವ ಕಡೆ. ರೆಪ್ಲಿಕಾವನ್ನು ಬ್ಯಾಕಪ್ ಎಂದುಕೊಳ್ಳುವುದೂ ತಪ್ಪು. ಯಾರೋ ಕೈತಪ್ಪಿ ಎಲ್ಲವನ್ನೂ ಅಳಿಸಿದರೆ, ಆ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ ನಕಲಾಗುತ್ತದೆ.

ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ದೊಡ್ಡ ವಿಷಯ ಎಂದು ನನ್ನ ಅನಿಸಿಕೆ. ಕ್ಲೌಡ್ ಕಂಪನಿಗಳು ಒಂದೇ ಪ್ರದೇಶದೊಳಗೆ ಬೇರೆ ಬೇರೆ ಝೋನ್‌ಗಳನ್ನು ಇಟ್ಟಿರುತ್ತವೆ. ಒಂದರ ವಿದ್ಯುತ್ ಕೈಕೊಟ್ಟರೆ ಇನ್ನೊಂದು ನಡೆಯಲಿ ಎಂದು. ಪ್ರೈಮರಿ, ರೆಪ್ಲಿಕಾ ಎರಡೂ ಒಂದೇ ಝೋನ್‌ನಲ್ಲಿದ್ದರೆ ಎರಡೂ ಒಟ್ಟಿಗೇ ಆರುತ್ತವೆ. ಒಂದೇ ಝೋನ್‌ನಲ್ಲಿ ಮೂರು ರೆಪ್ಲಿಕಾ ಇಡುವುದಕ್ಕಿಂತ ಬೇರೆ ಝೋನ್‌ನಲ್ಲಿ ಒಂದೇ ಒಂದು ಇಡುವುದು ಮೇಲು. ನೀವೇ ನಡೆಸುವ ಕ್ಲಸ್ಟರ್ ಆದರೆ ಮತದ ಲೆಕ್ಕವನ್ನೂ ನೋಡಬೇಕು. ಮೂರು ಪ್ರೈಮರಿಗಳಲ್ಲಿ ಎರಡು ಒಂದೇ ಝೋನ್‌ನಲ್ಲಿದ್ದು ಆ ಝೋನ್ ಹೋದರೆ, ಉಳಿದ ಒಂದರಿಂದ ಬಹುಮತ ಬರುವುದಿಲ್ಲ. ರೆಪ್ಲಿಕಾಗಳು ಬೇರೆಡೆ ಚೆನ್ನಾಗಿದ್ದರೂ ಪ್ರೈಮರಿ ಆಗಲಾರವು. ಮೊದಲ ದಿನ ಸರಿಯಾಗಿ ಹಂಚಿದ್ದರೂ, ಒಂದೆರಡು ಸಲ ಪ್ರೈಮರಿಗಳು ಬದಲಾದ ಮೇಲೆ ಅವು ಒಂದೇ ಕಡೆ ಗುಂಪಾಗಿರಬಹುದು. ಹಾಗಾಗಿ ಆಗಾಗ ತಿರುಗಿ ನೋಡಬೇಕು.

ಹೊಸ ರೆಪ್ಲಿಕಾ ಸೇರಿಸಲು ಜನಸಂದಣಿ ಕಡಿಮೆ ಇರುವ ಹೊತ್ತನ್ನೇ ಆರಿಸಿ. ಅದಕ್ಕೆ ಪ್ರೈಮರಿ ತನ್ನ ಇಡೀ ಮಾಹಿತಿಯ ಪ್ರತಿ ಮಾಡಿ ಕಳಿಸಬೇಕು. ಆ ಹೊತ್ತಿನಲ್ಲೂ ಹೊಸ ಬರಹಗಳು ಬರುತ್ತಲೇ ಇರುವುದರಿಂದ ಹೆಚ್ಚುವರಿ ಮೆಮೊರಿ ಬೇಕು. ಮೆಮೊರಿ ಅಂಚಿನವರೆಗೂ ತುಂಬಿದ್ದರೆ ಪ್ರೈಮರಿಯೇ ಮುಗ್ಗರಿಸಬಹುದು. ಎಲಾಸ್ಟಿಕ್ಯಾಶ್ ಈ ಕಾರಣಕ್ಕೇ ಶೇ. 25ರಷ್ಟು ಮೆಮೊರಿಯನ್ನು ತಾನಾಗಿಯೇ ಮೀಸಲಿಡುತ್ತದೆ.

ಎಲ್ಲ ಆದ ಮೇಲೆ ಒಂದು ಪ್ರೈಮರಿಯನ್ನು ಬೇಕೆಂದೇ ಬೀಳಿಸಿ ನೋಡಿ. ಎಲಾಸ್ಟಿಕ್ಯಾಶ್‌ನಲ್ಲಿ ಅದಕ್ಕೆಂದೇ ಒಂದು ಸೌಲಭ್ಯ ಇದೆ. ಹೊಸ ಪ್ರೈಮರಿ ಬರುವುದನ್ನು ನೋಡಿ ನಿಲ್ಲಿಸಬೇಡಿ. ನಿಮ್ಮ ಆ್ಯಪ್ ಇನ್ನೂ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿದೆಯಾ, ಅದನ್ನು ನೋಡಿ.