ಯುಗಾದಿಗೆ ಇಟ್ಟ ಉಳಿತಾಯದ ಗುರಿ ಆಷಾಢಕ್ಕೇ ಏಕೆ ನಿಲ್ಲುತ್ತದೆ?

ಪ್ರಶ್ನೆ: ನನ್ನ ಕೈಗೆ ಬರುವ ಸಂಬಳ 32,000 ರೂಪಾಯಿ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಗಳು. ಪ್ರತಿ ಯುಗಾದಿಗೂ ಈ ವರ್ಷ ಒಂದು ಲಕ್ಷ ಕೂಡಿಡಲೇಬೇಕು ಅಂತ ಮನಸ್ಸು ಗಟ್ಟಿ ಮಾಡುತ್ತೇನೆ. ಆಷಾಢ ಬರುವಷ್ಟರಲ್ಲಿ ಕೂಡಿಟ್ಟಿದ್ದೂ ಖಾಲಿ. ನನ್ನಲ್ಲಿ ಛಲ ಸಾಲದೋ, ಗುರಿಯೇ ತಪ್ಪೋ?

ಉತ್ತರ: ಗುರಿಯ ಲೆಕ್ಕ ತಪ್ಪು. ಛಲದ ಮಾತು ಸದ್ಯಕ್ಕೆ ಬದಿಗಿರಲಿ.

ಒಂದು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,333. ನಿಮ್ಮಂಥ ಮನೆಯ ಮಾದರಿ ಲೆಕ್ಕವೊಂದನ್ನು ನೋಡೋಣ. ಬಾಡಿಗೆ 9,500. ದಿನಸಿ, ಹಾಲು, ತರಕಾರಿ, ಗ್ಯಾಸು 8,000. ಪೆಟ್ರೋಲು, ಬಸ್ಸು, ಮೊಬೈಲು 3,000. ಊರಿಗೆ ಕಳಿಸುವುದು 3,000. ಒಟ್ಟು 23,500 ಹೋದರೆ ಉಳಿಯುವುದು 8,500. ಕಾಗದದ ಮೇಲೆ ಲಕ್ಷದ ಗುರಿ ಸಲೀಸಾಗಿ ಕೂಡಿ ಬಂತು. ಎಡವುವುದು ಇಲ್ಲೇ. ಇದು ಏನೂ ವಿಶೇಷವಿಲ್ಲದ ತಿಂಗಳ ಲೆಕ್ಕ, ಅಂಥ ತಿಂಗಳು ವರ್ಷದಲ್ಲಿ ನಾಲ್ಕೈದು ಬಂದರೆ ಹೆಚ್ಚು.

ಕಳೆದ ಹನ್ನೆರಡು ತಿಂಗಳ ಪಾಸ್‌ಬುಕ್ಕನ್ನೂ ಫೋನ್‌ಪೇ, ಗೂಗಲ್‌ಪೇ ಪಟ್ಟಿಯನ್ನೂ ಎದುರಿಗಿಟ್ಟುಕೊಂಡು, ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬಂದ ಖರ್ಚುಗಳನ್ನು ಮಾತ್ರ ಬರೆಯಿರಿ. ಮಾದರಿಗೆ: ಶಾಲೆ ಫೀಸು, ಪುಸ್ತಕ, ಯೂನಿಫಾರಂ 18,000. ಹಬ್ಬಗಳು 9,000. ಮದುವೆಗಳ ಮುಯ್ಯಿ, ಓಡಾಟ 7,000. ಆಸ್ಪತ್ರೆ, ಔಷಧಿ 6,000. ಬೈಕಿನ ವಿಮೆ, ಸರ್ವೀಸು 5,000. ಒಟ್ಟು 45,000, ಅಂದರೆ ತಿಂಗಳಿಗೆ 3,750. ಇದನ್ನು 8,500ರಲ್ಲಿ ಕಳೆದರೆ ನಿಜವಾಗಿ ಉಳಿಯುವುದು 4,750. ಅದಷ್ಟನ್ನೂ ಗುರಿಗೆ ಕಟ್ಟಬೇಡಿ. 3,500 ಸಾಕು, ಮಿಕ್ಕ 1,250 ಪಟ್ಟಿಗೆ ಬಾರದ ಖರ್ಚಿಗೆ ಇರಲಿ.

ಇಷ್ಟು ಅನುಮಾನ ಏಕೆ ಅಂದರೆ, ನಮ್ಮದೇ ಕೆಲಸದ ಬಗ್ಗೆ ನಾವು ಹಾಕುವ ಅಂದಾಜು ಬಹುತೇಕ ಆಸೆಯ ಕಡೆಗೇ ವಾಲುತ್ತದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಯಲು ಸರಾಸರಿ 34 ದಿನ ಬೇಕು ಅಂದುಕೊಂಡಿದ್ದರು, ಹಿಡಿದದ್ದು 55ಕ್ಕೂ ಹೆಚ್ಚು. ಇದಕ್ಕೆ ಮದ್ದು ಹಳೆಯ ದಾಖಲೆ. ಬರುವ ವರ್ಷ ಹೇಗಿರಬೇಕು ಅನ್ನುವುದನ್ನು ಬಿಟ್ಟು, ಹೋದ ವರ್ಷ ಏನಾಯಿತು ಎಂಬುದರಿಂದ ಅಂಕಿ ತೆಗೆಯಬೇಕು.

ಇನ್ನು ಆಷಾಢದ ವಿಷಯ. ಯುಗಾದಿಗೆ ಶುರುಮಾಡಿದವರಿಗೆ ಮೊದಲು ಎದುರಾಗುವುದೇ ಮದುವೆ ಸೀಸನ್ನು, ಅದರ ಬೆನ್ನಿಗೇ ಶಾಲೆ ಫೀಸು. ಮಾದರಿ ಲೆಕ್ಕದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮದುವೆಗಳ 7,000, ಶಾಲೆಯ 18,000 ಸೇರಿ 25,000 ಹೊರಗೆ ಹೋಗುತ್ತದೆ. ತಿಂಗಳಿಗೆ 3,750ರಂತೆ ಎತ್ತಿಟ್ಟರೆ ಅಷ್ಟರಲ್ಲಿ ಕೂಡಿರುವುದು ಬರೀ 11,250. ಉಳಿದದ್ದಕ್ಕೆ ಉಳಿತಾಯ ಮುರಿಯಲೇಬೇಕು. ಹಾಗಾಗಿ ಮೊದಲ ಮೂರು ತಿಂಗಳು ಲಕ್ಷದ ಹೆಸರೇ ಎತ್ತಬೇಡಿ. ಉಳಿಯುವ 8,500 ಪೂರ್ತಿ ಬೇರೊಂದು ಉಳಿತಾಯ ಖಾತೆಗೆ ಹಾಕಿ, ಅದು ವರ್ಷದ ಖರ್ಚಿನ ಖಾತೆ. ಮೂರು ತಿಂಗಳಿಗೆ 25,500 ಆಗುತ್ತದೆ, ಮುಯ್ಯಿಗೂ ಫೀಸಿಗೂ ಸರಿಹೋಗುತ್ತದೆ. ಈ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ, ಜೋಡಿಸಿದರೆ ದಿನದ ಖರ್ಚಿಗೇ ಕರಗುತ್ತದೆ.

ಜುಲೈನಿಂದ ವರ್ಷದ ಖರ್ಚಿನ ಖಾತೆಗೆ ತಿಂಗಳಿಗೆ 3,750 ಹಾಕುತ್ತಾ, 3,500ರ ಆರ್‌ಡಿ (ಪ್ರತಿ ತಿಂಗಳು ಒಂದೇ ಮೊತ್ತದ ಕಂತು ಕಟ್ಟುವ ಠೇವಣಿ) ಶುರು. ಮೊದಲ ವರ್ಷ ಮಾರ್ಚ್‌ವರೆಗೆ ಒಂಬತ್ತು ಕಂತಿಗೆ 31,500. ಲಕ್ಷದ ಮುಂದೆ ಇದು ಚಿಕ್ಕದಾಗಿ ಕಾಣಬಹುದು, ಆದರೆ ಕೈಯಲ್ಲಿ ಉಳಿಯುವ ಹಣ ಇದು. ಬಡ್ಡಿ ಸೇರಿಸದೆ ಲೆಕ್ಕ ಹಾಕಿದರೂ ಲಕ್ಷ ಮುಟ್ಟಲು 29 ಕಂತು ಸಾಕು.

ಆರ್‌ಡಿಯಲ್ಲೂ ಕೆಲವು ಎಚ್ಚರ ಬೇಕು. ಯಾವ ತಾರೀಖಿಗೆ ತೆರೆಯುತ್ತೀರೋ ಸಾಮಾನ್ಯವಾಗಿ ಅದೇ ತಾರೀಖಿಗೆ ಪ್ರತಿ ತಿಂಗಳ ಕಂತು ಕಟ್ಟಾಗುತ್ತದೆ. ಸಂಬಳ ಒಂದನೇ ತಾರೀಖಿಗೆ ಬರುವುದಾದರೆ ಮೂರಕ್ಕೆ ತೆರೆಯಿರಿ, ಐದರವರೆಗೂ ಎಳೆದಾಡುವ ಕಡೆ ಏಳಕ್ಕೆ. ಹದಿನೈದಕ್ಕೆ ತೆರೆದವರ ಖಾತೆಯಲ್ಲಿ ಆ ದಿನ ಕಂತಿನಷ್ಟು ಹಣ ಇರುವುದು ಕಷ್ಟ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಮೂರು ವರ್ಷ ತುಂಬುವವರೆಗೆ ಮುಚ್ಚಲು ಬಿಡುವುದಿಲ್ಲ. ಈ ಗುರಿಗೆ ಬ್ಯಾಂಕಿನದೇ ಸರಿ. ಒಂದು ಮುಖ್ಯ ಮಾತು: 3,500ಕ್ಕೆ ಒಂದೇ ಆರ್‌ಡಿ ಮಾಡದೆ 2,500ಕ್ಕೆ ಒಂದು, 1,000ಕ್ಕೆ ಒಂದು ಮಾಡಿ. ಸಾಮಾನ್ಯ ಆರ್‌ಡಿಯಲ್ಲಿ ಅರ್ಧ ಕಂತು ಕಟ್ಟಲು ಬರುವುದಿಲ್ಲ. ಕೈ ಬಿಗಿಯಾದ ತಿಂಗಳು ಚಿಕ್ಕದೊಂದು ತಪ್ಪಿದರೂ ದೊಡ್ಡದು ನಡೆಯುತ್ತದೆ.

ತಪ್ಪಿದ ಮೇಲೆ ಏನು ಮಾಡಬೇಕು ಎಂಬುದನ್ನೂ ಈಗಲೇ ಬರೆದಿಡಿ: ‘ಕಂತು ತಪ್ಪಿದರೆ ಮುಂದಿನ ತಿಂಗಳ 1,250ರಿಂದ ತುಂಬುತ್ತೇನೆ, ಯಾರಾದರೂ ಕೈಗಡ ಕೇಳಿದರೆ 2,000ಕ್ಕಿಂತ ಹೆಚ್ಚು ಕೊಡುವುದಿಲ್ಲ.’ ಹೀಗಾದರೆ ಹೀಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಗುರಿ ಮುಟ್ಟುವುದು ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಪ್ರಯೋಗಗಳು ತೋರಿಸಿವೆ. ಕೈಗಡದ ಮಾತನ್ನು ಹೆಂಡತಿಯ ಜೊತೆ ಕೂತು ತೀರ್ಮಾನಿಸಿ, ಇಬ್ಬರದೂ ಒಂದೇ ಉತ್ತರವಾಗಿರಬೇಕು.

ದೊಡ್ಡ ಗುರಿ ಇಟ್ಟರೇ ಹೆಚ್ಚು ಸಾಧಿಸುತ್ತೇವೆ ಅನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಗುರಿಗಳ ಬಗ್ಗೆ ಮನಶ್ಶಾಸ್ತ್ರಜ್ಞರಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅವರ ದೀರ್ಘ ಸಂಶೋಧನೆ ಹೇಳುವುದೂ ಅದನ್ನೇ: ಸ್ಪಷ್ಟವಾದ, ಕಷ್ಟದ ಗುರಿ ಒಳ್ಳೆಯ ಫಲ ಕೊಡುತ್ತದೆ. ಆದರೆ ಅದನ್ನು ಮುಟ್ಟುವ ಶಕ್ತಿ ಇರಬೇಕು ಎಂಬ ಷರತ್ತನ್ನೂ ಅವರೇ ಹಾಕಿದ್ದಾರೆ. 4,750 ಮಾತ್ರ ಉಳಿಯುವ ಮನೆಯಿಂದ 8,333 ಕೇಳುವ ಗುರಿ ಆ ಷರತ್ತಿಗೆ ಒಳಪಡುವುದಿಲ್ಲ.

ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಮಾತ್ರ ಆರ್‌ಡಿ ಆಮೇಲೆ. ಅಲ್ಲಿ ತಿಂಗಳಿಗೇ ಶೇ 3ರ ಆಸುಪಾಸು ಬಡ್ಡಿ ಓಡುತ್ತಿರುತ್ತದೆ, ಮೊದಲು ಅದನ್ನು ತೀರಿಸಿ.

ಆರ್‌ಡಿಯ ಅವಧಿ ಮುಗಿದ ದಿನ ಹಣ ತಾನಾಗಿ ಉಳಿತಾಯ ಖಾತೆಗೆ ಬಂದು ಬೀಳುತ್ತದೆ. ವಾರದೊಳಗೆ ಫ್ರಿಜ್ಜೋ ಟಿವಿಯೋ ಆಗಿಬಿಡುವುದು ಆಗಲೇ. ತೆರೆಯುವಾಗಲೇ ಮುಗಿಯುವ ತಾರೀಖನ್ನು ಮೊಬೈಲಿನ ಕ್ಯಾಲೆಂಡರಿಗೆ ಹಾಕಿ, ಅದೇ ದಿನ ಪೂರ್ತಿ ಮೊತ್ತವನ್ನು ಎಫ್‌ಡಿಗೆ ವರ್ಗಾಯಿಸಿ, ಹೊಸ ಆರ್‌ಡಿಯನ್ನೂ ಆ ವಾರವೇ ತೆರೆಯಿರಿ.