ಏಪ್ರಿಲ್ 3 ಮಾರ್ಚ್ 4 ಆದಾಗ

ಶಿರಸಿಯ ಒಂದು ಅಡಿಕೆ ವಖಾರಿಗೆ ಎಕ್ಸೆಲ್ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ, ಬರೆದುಕೊಟ್ಟಿದ್ದೆ. ಬೆಳೆಗಾರರು ತಗೊಂಡ ಮುಂಗಡಕ್ಕೆ ಬಡ್ಡಿ ಲೆಕ್ಕ ಹಾಕುವುದು ಅದರ ಕೆಲಸ. ಚೆನ್ನಾಗಿಯೇ ನಡೆಯುತ್ತಿತ್ತು. ವಖಾರಿಗೆ ಹೊಸ ಲ್ಯಾಪ್‌ಟಾಪ್ ಬಂತು, ಕೆಲವು ತಿಂಗಳಿಗೆ ಹಿರಿಯರೊಬ್ಬರು ಲೆಕ್ಕದ ಚೀಟಿ ಹಿಡಿದು ಬಂದರು. "ತಮಾ, ಆನು ದುಡ್ಡು ತಗಂಡಿದ್ದು ಯುಗಾದಿ ಎದ್ರಿಗೆ. ಮಾರ್ಚಿಂದ ಬಡ್ಡಿ ಎಂತಕ್ಕೆ?"

ಅವರು ಹೇಳಿದ್ದೇ ಸರಿ. ಮುಂಗಡ ಕೊಟ್ಟಿದ್ದು 2024ರ ಏಪ್ರಿಲ್ 3ಕ್ಕೆ, ಮ್ಯಾಕ್ರೋ ಹಿಡಿದಿದ್ದು ಮಾರ್ಚ್ 4. ಒಂದು ಲಕ್ಷಕ್ಕೆ ಶೇ. 12ರಂತೆ 30 ದಿನದ ಬಡ್ಡಿ, ಅಂದರೆ 986 ರೂಪಾಯಿ ಜಾಸ್ತಿ ಬಿದ್ದಿತ್ತು.

ಎಕ್ಸೆಲ್‌ಗೆ ತಾರೀಕು ಅಂದರೆ ಬರೀ ಒಂದು ಸಂಖ್ಯೆ. ಏಪ್ರಿಲ್ 3 ಅಂದರೆ 45385, ಮಾರ್ಚ್ 4 ಅಂದರೆ 45355. ಸಂಖ್ಯೆಯಾಗಿ ಕೂತ ಮೇಲೆ ಗೊಂದಲ ಇಲ್ಲ, ಕಳೆದರೆ ದಿನ ಸಿಗುತ್ತದೆ. ತಪ್ಪೋದು ಅದಕ್ಕೂ ಮುಂಚೆ, "03/04/2024" ಅನ್ನುವ ಅಕ್ಷರಗಳನ್ನು ಸಂಖ್ಯೆ ಮಾಡುವಾಗ. ನಾನು ಆ ಕೆಲಸವನ್ನು ಅಕ್ಷರದಿಂದ ತಾರೀಕು ಮಾಡಿಕೊಡುವ ಮ್ಯಾಕ್ರೋ ಆಜ್ಞೆಯಾದ ಸಿಡೇಟ್‌ಗೆ ಬಿಟ್ಟಿದ್ದೆ. ಅದು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ನೋಡಿ ಓದುತ್ತದೆ. ಹಳೇ ಕಂಪ್ಯೂಟರಿನಲ್ಲಿ ಅದು ಭಾರತದ್ದಿತ್ತು, ಹೊಸದರಲ್ಲಿ ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು ಬರುತ್ತದೆ.

ನಿಜವಾದ ಅಪಾಯ ಇರುವುದು ಮುಂದೆ. "20/04/2024" ಕೊಟ್ಟರೆ ಇಪ್ಪತ್ತನೇ ತಿಂಗಳು ಇಲ್ಲವಲ್ಲ, ಹಾಗಾಗಿ ಸಿಡೇಟ್ ಸುಮ್ನೆ ಅದನ್ನು ಏಪ್ರಿಲ್ 20 ಅಂತಲೇ ಓದಿಬಿಡುತ್ತದೆ, ಎರರ್ ಕೊಡುವುದಿಲ್ಲ. ಒಂದೇ ಕಾಲಮ್ಮಿನಲ್ಲಿ 12 ದಾಟಿದ ತಾರೀಕುಗಳೆಲ್ಲ ಸರಿ, 12ರ ಒಳಗಿನವು ಅದಲು ಬದಲು! ಹೊಸ ಲ್ಯಾಪ್‌ಟಾಪಿನಲ್ಲಿ ನಾನು ಪರೀಕ್ಷೆ ಮಾಡಿದ ಸಾಲುಗಳೆಲ್ಲ ತಿಂಗಳ ಕೊನೆಯವೇ ಆಗಿದ್ದವು.

ಈಗ ನಾನು ಅಕ್ಷರವನ್ನು ಒಡೆದು ಮೂರು ತುಂಡು ಮಾಡುತ್ತೇನೆ. ಸ್ಪ್ಲಿಟ್‌ನಿಂದ (ಅಕ್ಷರ ಒಡೆಯುವ ಆಜ್ಞೆ) ಓರೆಗೆರೆಯ ಜಾಗದಲ್ಲಿ ಬೇರೆ ಮಾಡಿ, ಆ ತುಂಡುಗಳಿಂದ ತಾರೀಕು ಕಟ್ಟಿಕೊಡುವ ಡೇಟ್‌ಸೀರಿಯಲ್‌ಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಕೊಡುತ್ತೇನೆ. ಆಗ ಯಾವ ಸೆಟ್ಟಿಂಗ್ ಇದ್ದರೂ ಏಪ್ರಿಲ್ 3 ಏಪ್ರಿಲ್ 3ಆಗಿಯೇ ಇರುತ್ತದೆ. ಆದರೆ ಡೇಟ್‌ಸೀರಿಯಲ್‌ಗೂ ಒಂದು ಗುಣ ಇದೆ: 2024ರ ಫೆಬ್ರವರಿ 31 ಅಂತ ಕೊಟ್ಟರೆ ಬೇಡ ಅನ್ನುವುದಿಲ್ಲ, ಮಾರ್ಚ್ 2 ಮಾಡಿ ಕೊಡುತ್ತದೆ. ಅದಕ್ಕೇ ಬಂದ ತಾರೀಕಿನಿಂದ ದಿನವನ್ನು ಮತ್ತೆ ತೆಗೆದು, ಕೊಟ್ಟ ದಿನಕ್ಕೆ ಸಮ ಇದೆಯಾ ನೋಡುತ್ತೇನೆ, ಇಲ್ಲದಿದ್ದರೆ ಆ ಸಾಲನ್ನು ಕೆಂಪು ಮಾಡಿ ನಿಲ್ಲಿಸುತ್ತೇನೆ. ಇದೇ ಗುಣ ತಿಂಗಳ ಕೊನೇ ದಿನ ಹುಡುಕಲು ಬಹಳ ಉಪಯೋಗ, ಮುಂದಿನ ತಿಂಗಳ 0ನೇ ದಿನ ಕೇಳಿದರೆ ಸಾಕು. ಸೆಲ್ಲಿನಿಂದ ಓದುವಾಗ, ಅದರಲ್ಲಿರುವುದನ್ನು ತಂದುಕೊಡುವ ವ್ಯಾಲ್ಯೂ ಬದಲು ವ್ಯಾಲ್ಯೂ2 ಬಳಸಿ, ಬರೀ ಸಂಖ್ಯೆ ಬರುತ್ತದೆ. ಸಂಖ್ಯೆ ಬರದೆ ಅಕ್ಷರವೇ ಬಂದರೆ ಅದು ತಾರೀಕಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ ಅಲ್ವಾ.

ವಖಾರಿಯಲ್ಲಿ ಕಿರ್ದಿ ಪುಸ್ತಕ ಇಟ್ಟುಕೊಂಡು, 12ರ ಒಳಗಿನ ತಾರೀಕಿನ ಸಾಲುಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡಿದೆವು. 4/4, 5/5 ತರಹದವನ್ನು ಬಿಟ್ಟೆವು, ತಿರುಗಿಸಿದರೂ ಅವು ಅವೇ. ಆ ಹಿರಿಯರ 986 ರೂಪಾಯಿ ಮೊದಲು ವಾಪಸು ಹೋಯಿತು.