ಐಜಿಇ ಬರುವ ಮೊದಲು: ಅಲರ್ಜಿ ಮತ್ತು ಉಸಿರಿನ ಕೊಳವೆಯ ಒಳಪದರ

ಪರೀಕ್ಷೆಯಲ್ಲಿ ಅಲರ್ಜಿ ಬಗ್ಗೆ ಬರೆಯಿರಿ ಅಂದ ತಕ್ಷಣ ನಾವೆಲ್ಲ ಐಜಿಇ (ಅಲರ್ಜಿಯ ಪ್ರತಿಕಾಯ), ಮಾಸ್ಟ್ ಕೋಶ, ಅದು ಬಿಡುವ ಹಿಸ್ಟಮಿನ್ ಅಂತ ಶುರು ಮಾಡುತ್ತೇವೆ. ಅಷ್ಟು ಹೊತ್ತಿಗೆ ಅರ್ಧ ಕೆಲಸ ಆಗಿಯೇ ಹೋಗಿರುತ್ತದೆ. ಎಲ್ಲದಕ್ಕೂ ಮೊದಲು ಪೆಟ್ಟು ತಿನ್ನುವುದು, ಮೊದಲು ಕೂಗಿ ಹೇಳುವುದು ಉಸಿರಿನ ಕೊಳವೆಯ ಒಳಪದರ, ಅಂದರೆ ಎಪಿಥೀಲಿಯಂ. ಇದನ್ನು ಗಟ್ಟಿ ಮಾಡಿಕೊಂಡರೆ ಮುಂದಿನ ಹೆಸರುಗಳನ್ನು ಸುಮ್ನೆ ಬಾಯಿಪಾಠ ಮಾಡಬೇಕಾಗುವುದಿಲ್ಲ.

ರಚನೆ ಬೇಗ ನೋಡಿಬಿಡೋಣ. ಸಿಲಿಯಾ, ಅಂದರೆ ಕೂದಲಿನಂಥ ಸಣ್ಣ ಎಳೆಗಳು ಇರುವ ಕೋಶಗಳಿವೆ. ಒಂದೊಂದರ ಮೇಲೆ ಸುಮಾರು 200 ಸಿಲಿಯಾ. ಲೋಳೆ ಸುರಿಸಲು ಗಾಬ್ಲೆಟ್ ಕೋಶಗಳಿವೆ. ತಳದಲ್ಲಿ ಬೇಸಲ್ ಕೋಶಗಳು. ಗಾಯವಾದಾಗ ಹೊಸ ಕೋಶ ಹುಟ್ಟುವುದು ಇವುಗಳಿಂದ. ಧೂಳು ಲೋಳೆಗೆ ಅಂಟುತ್ತದೆ, ಸಿಲಿಯಾ ಅದನ್ನು ಗಂಟಲಿನ ಕಡೆ ತಳ್ಳುತ್ತವೆ, ನಾವು ಗೊತ್ತಿಲ್ಲದೇ ನುಂಗುತ್ತೇವೆ. ನಮಗೆ ಇಲ್ಲಿ ಮುಖ್ಯವಾದದ್ದು ಅಕ್ಕಪಕ್ಕದ ಕೋಶಗಳನ್ನು ಮೇಲ್ತುದಿಯಲ್ಲಿ ಬಿಗಿಯಾಗಿ ಹಿಡಿದಿರುವ ಟೈಟ್ ಜಂಕ್ಷನ್. ಆಕ್ಲೂಡಿನ್, ಕ್ಲಾಡಿನ್ ಎಂಬ ಪ್ರೋಟೀನುಗಳಿಂದ ಆದ ಬೆಸುಗೆ ಅದು. ಅದು ಸರಿ ಇದ್ದರೆ ದೊಡ್ಡ ಪ್ರೋಟೀನು ಸಂದಿಯಲ್ಲಿ ನುಸುಳುವುದು ಕಷ್ಟ.

ಈಗ ನಮ್ಮ ಮಲೆನಾಡಿನ ಮಳೆಗಾಲಕ್ಕೆ ಬನ್ನಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ. ಹಾಸಿಗೆ, ಕಂಬಳಿಗಳು ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು. ಧೂಳಿನ ನುಸಿಗೆ ಬೇಕಾದದ್ದು ಇಂಥ ಹವೆಯೇ. ಅದು ನೀರು ಹುಡುಕಿ ಹೋಗಿ ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ತಿನ್ನುವುದು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು. ನುಸಿಯ ಉದ್ದ ಸುಮಾರು 0.3 ಮಿ.ಮೀ. ಆದರೆ ನಾವು ಹಾಸಿಗೆ ಕೊಡವಿದಾಗ ಮೂಗಿಗೆ ಹೋಗುವುದು ಹೆಚ್ಚಾಗಿ ಅದರ ಹಿಕ್ಕೆ. ಒಂದೊಂದು ಸುಮಾರು 20 ಮೈಕ್ರೋಮೀಟರ್.

ಈ ಹಿಕ್ಕೆಯೊಳಗೆ ನುಸಿಯ ಜೀರ್ಣರಸ ಉಳಿದಿರುತ್ತದೆ. ಅದರಲ್ಲಿ ಡೆರ್ ಪಿ 1 ಎಂಬ ಕಿಣ್ವ ಇದೆ. ಪ್ರೋಟೀನು ಕತ್ತರಿಸುವುದೇ ಅದರ ಕೆಲಸ. ಮಾಂಸ ಬೇಗ ಬೇಯಲಿ ಅಂತ ಪರಂಗಿಕಾಯಿ ಹಾಕುತ್ತಾರಲ್ವಾ, ಆ ಕಾಯಿಯ ಹಾಲಿನಲ್ಲಿರುವ ಪಪೈನ್ ಕೂಡ ಇದೇ ಕುಟುಂಬದ್ದು. ಒದ್ದೆ ಒಳಪದರದ ಮೇಲೆ ಹಿಕ್ಕೆ ಬಿದ್ದರೆ ಕಿಣ್ವ ಕರಗಿ ಹೊರಬರುತ್ತದೆ, ಆಕ್ಲೂಡಿನ್ ಕತ್ತರಿಸುತ್ತದೆ, ಬೆಸುಗೆ ಬಿಡುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ಇದನ್ನು 1999ರಲ್ಲೇ ತೋರಿಸಿದ್ದಾರೆ. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವ ಸಂಗತಿ ಇದೇ: ಅಲರ್ಜಿ ತರುವ ವಸ್ತು ತಾನೇ ದಾರಿ ಮಾಡಿಕೊಳ್ಳುತ್ತದೆ. ಆಲ್ಟರ್ನೇರಿಯಾದಂಥ ಬೂಷ್ಟಿನಲ್ಲೂ ಹೀಗೆ ಕತ್ತರಿಸುವ ಕಿಣ್ವಗಳಿವೆ.

ಎಲ್ಲ ಅಲರ್ಜನ್‌ಗಳೂ (ಅಲರ್ಜಿ ತರುವ ವಸ್ತುಗಳು) ಕಿಣ್ವಗಳೇನಲ್ಲ. ನುಸಿಯದೇ ಇನ್ನೊಂದು ಪ್ರೋಟೀನು ಡೆರ್ ಪಿ 2, ನಮ್ಮ ಮೈಯ ಎಂಡಿ-2 ಪ್ರೋಟೀನನ್ನು ಹೋಲುತ್ತದೆ. ಬ್ಯಾಕ್ಟೀರಿಯಾ ಬಂದಾಗ ಎಂಡಿ-2 ಜೊತೆ ಸೇರಿ ಎಚ್ಚರವಾಗುವ ಟಿಎಲ್‌ಆರ್4 ಗ್ರಾಹಕವನ್ನು ಡೆರ್ ಪಿ 2 ಎಬ್ಬಿಸಲು ಸಾಧ್ಯವಾಗುವುದು ಹೀಗಾಗಿಯೇ.

ಪೆಟ್ಟು ಬಿದ್ದ ಕೋಶ ಸುಮ್ಮನೆ ಕೂರುವುದಿಲ್ಲ. ಮೂರು ಹೆಸರು ನೆನಪಿಡಿ: ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33. ಇವು ಕೋಶ ಹೊರಬಿಡುವ, ಅಪಾಯ ಸಾರುವ ಸಂಕೇತ ಪ್ರೋಟೀನುಗಳು. ಐಎಲ್-33 ಮೊದಲೇ ತಯಾರಾಗಿ ಕೋಶಕೇಂದ್ರದಲ್ಲಿ ಕೂತಿರುತ್ತದೆ, ಕೋಶ ಹಾಳಾದ ಕೂಡಲೇ ಹೊರಗೆ. ಈ ಸಂಕೇತ ಸಿಕ್ಕಾಗ ಕೆಳಗಿರುವ ಡೆಂಡ್ರಿಟಿಕ್ ಕೋಶ (ಕಾವಲಿನ ರೋಗನಿರೋಧಕ ಕೋಶ) ಅಲರ್ಜನ್ ಹಿಡಿದುಕೊಂಡು ದುಗ್ಧಗ್ರಂಥಿಗೆ ಹೋಗುತ್ತದೆ, ಅಲ್ಲಿ ಅಲರ್ಜಿಯನ್ನು ನಡೆಸುವ ಟಿಎಚ್2 ಕೋಶಗಳು ತಯಾರಾಗುತ್ತವೆ, ಅವು ಬಿಡುವ ಐಎಲ್-4 ಎಂಬ ಸಂಕೇತದಿಂದ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಐಜಿಇ ಮಾಡುತ್ತವೆ. ನಾವು ಉತ್ತರ ಶುರು ಮಾಡುತ್ತಿದ್ದ ಜಾಗ ಇದು!

ಮುಂದಿನದು ವಿಷವರ್ತುಲ. ಟಿಎಚ್2 ಕೋಶಗಳ ಇನ್ನೊಂದು ಸಂಕೇತ ಐಎಲ್-13 ಮತ್ತೆ ಒಳಪದರಕ್ಕೇ ಬರುತ್ತದೆ. ಗಾಬ್ಲೆಟ್ ಕೋಶ ಜಾಸ್ತಿಯಾಗುತ್ತವೆ, ಲೋಳೆ ಗಟ್ಟಿಯಾಗುತ್ತದೆ, ಬೆಸುಗೆ ಇನ್ನೂ ಸಡಿಲ. ಉಬ್ಬಸ ಇರುವವರು ಅಂಟಂಟು ಕಫ ಕಿತ್ತು ಬರುವುದೇ ಇಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಒಂದೇ ಹಾಸಿಗೆಯಲ್ಲಿ ಮಲಗುವ ಅಣ್ಣನಿಗಿಲ್ಲದ ಉಬ್ಬಸ ತಮ್ಮನಿಗೆ ಯಾಕೆ? ಪೂರ್ತಿ ಉತ್ತರ ಒಂದೇ ಸಾಲಿನಲ್ಲಿ ಬರುವಂಥದ್ದಲ್ಲ. ಆದರೆ ಉಬ್ಬಸದ ಜೊತೆ ನಂಟು ಕಂಡುಬಂದ ಜೀನುಗಳಲ್ಲಿ ಐಎಲ್-33, ಟಿಎಸ್‌ಎಲ್‌ಪಿ ಎರಡರದ್ದೂ ಇವೆ. ಒಳಪದರದ ಪಾತ್ರ ಎಷ್ಟು ದೊಡ್ಡದು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಜೆಪೆಲುಮಾಬ್ ಎಂಬ ಔಷಧಿ ಹಿಡಿಯುವುದೂ ಟಿಎಸ್‌ಎಲ್‌ಪಿಯನ್ನೇ. ಉಬ್ಬಸದವರಲ್ಲಿ ಅದು ತೀವ್ರವಾಗಿ ಇರುವವರಿಗೆ ಮಾತ್ರ. ಉಳಿದವರಿಗೆ ಸ್ಟಿರಾಯ್ಡ್ ಇನ್‌ಹೇಲರೇ ಮುಖ್ಯ ಔಷಧಿ. ಉಬ್ಬಸ ಕಮ್ಮಿ ಆಯ್ತು ಅಂತ ವೈದ್ಯರನ್ನು ಕೇಳದೆ ಅದನ್ನು ಬಿಡಬಾರದು.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ತಣ್ಣೀರಿನಲ್ಲಿ ಒಗೆದರೆ ಹೊದಿಕೆಯ ಅಲರ್ಜನ್ ಬಹಳಷ್ಟು ತೊಳೆದುಹೋಗುತ್ತದೆ, ನುಸಿ ಮಾತ್ರ ಸಾಯುವುದಿಲ್ಲ. ಅದಕ್ಕೆ 55 ಡಿಗ್ರಿಗಿಂತ ಬಿಸಿ ನೀರು ಬೇಕು. ಬಚ್ಚಲಲ್ಲಿ ಹಂಡೆಯ ಒಲೆ ಉರಿಯುವ ಮನೆಗಳಲ್ಲಿ ಬಿಸಿಲಿಲ್ಲದ ಆಷಾಢದಲ್ಲೂ ಇದು ಆಗುವ ಕೆಲಸ.